ಕಾರ್ಖಾನೆಗೆ ಬರೆಯದೆ ಬಿಟ್ಟ ಕಾಗದ

ಮೊನ್ನೆ ಕುಮಟೆಯ ಬಸ್‌ಸ್ಟ್ಯಾಂಡಿನ ಎದುರಿನ ಹೊಟೇಲಿನಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ಮೋಟಾರು ವಾಹನ ಇನ್‌ಸ್ಪೆಕ್ಟರ್ ಒಬ್ಬ ಸಿಕ್ಕಿದ. ಅಂಗಿಗೆ ಚೂರು ಮಣ್ಣಿಲ್ಲ, ಉಗುರಿನಲ್ಲಿ ಗ್ರೀಸಿಲ್ಲ. ನಾನು ಅದೇ ಕೆಲಸ ಮಾಡಿ ನಿವೃತ್ತನಾದವನು ಎಂದು ಯಾರೋ ಹೇಳಿದ್ದರಂತೆ. ಚಾ ಕುಡಿಯುತ್ತ ಕೇಳಿದ, "ಸರ್, ನೀವೆಲ್ಲ ಗಾಡಿ ಅಡಿಗೆ ಮಲಗಿ ಚಾಸಿಸ್ ನಂಬರ್ ನೋಡ್ತಿದ್ರಂತೆ, ಹೌದಾ? ಈಗ ಮಾಲೀಕನೇ ಫೋಟೋ ಹೊಡ್ದು ಕಳಿಸ್ತಾನೆ. ಮಲಗೂದೆಂತಕೆ?"

ಕುಡಿಯುತ್ತಿದ್ದ ಚಾ ನೆತ್ತಿಗೆ ಹತ್ತಿತು. "ಮಲಗದೆ ಹೋದ್ರೆ ಒಬ್ಬ ಮನುಷ್ಯನ ಬದುಕು ಮಣ್ಣಾಗ್ತದೆ ಮಾರಾಯ, ಅದಕ್ಕೆ" ಎಂದೆ. ಆಚೆ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿಯೇ ಎಂದೆ. ಮಲಗಿ ನೋಡಿದ ಮೇಲೂ ಮಣ್ಣು ಮಾಡುವವರಿದ್ದಾರೆ, ಅಂಥವನೇ ನಿನ್ನ ಎದುರು ಕೂತಿದ್ದಾನೆ ಎಂದು ಮಾತ್ರ ಹೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ, ಬೀಳ್ಕೊಡುವ ದಿನ ಹೊದೆಸಿದ ಶಾಲು, ಇವು ಯಾವುವೂ ಇಲ್ಲಿಲ್ಲ. ಶಾಲಿಗೆ ನುಸಿ ಹಿಡಿದು ಯಾವ ಕಾಲವಾಯಿತು.

ಕೆಲಸಕ್ಕೆ ಬರುವವರು ಮೊದಲು ಇಷ್ಟು ತಿಳಿದುಕೊಳ್ಳಿ. ಚಾಸಿಸ್ ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು. ಇಂಜಿನ್ನು, ಚಕ್ರ, ಬಾಡಿ ಎಲ್ಲ ಕೂರುವುದು ಅದರ ಮೇಲೆ. ಕಾರ್ಖಾನೆಯಲ್ಲಿ ಅದರ ಮೈಗೆ ಯಂತ್ರದಿಂದ ಒಂದು ನಂಬರು ಒತ್ತುತ್ತಾರೆ. ಬಣ್ಣ ಬದಲಾಗಲಿ, ಇಂಜಿನ್ ಬದಲಾಗಲಿ, ಮಾಲೀಕ ಬದಲಾಗಲಿ, ಇದು ಇಂಥ ಗಾಡಿ ಎಂದು ಹೇಳುವುದು ಆ ನಂಬರೇ. ಈಗಿನ ಗಾಡಿಗಳ ನಂಬರಿನಲ್ಲಿ ಅಕ್ಷರ, ಅಂಕಿ ಸೇರಿ ಹದಿನೇಳು ಜಾಗ ಇರುತ್ತವೆ. ಹಳೆಯವಕ್ಕೆ ಅಷ್ಟು ಉದ್ದ ಇರಲಿಲ್ಲ, ಒಂದೊಂದು ಕಾರ್ಖಾನೆಯದು ಒಂದೊಂದು ಕ್ರಮ. ಮೊದಲ ಅಕ್ಷರಗಳು ಮಾದರಿಯನ್ನು ಹೇಳುತ್ತವೆ, ನಡುವಿನದೊಂದು ತಯಾರಾದ ವರ್ಷವನ್ನು, ಉಳಿದದ್ದು ಸರದಿಯ ಸಂಖ್ಯೆ. ಯಾವ ಅಕ್ಷರ ಯಾವ ವರ್ಷದ್ದು ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡು ನಾವು ಬಾಯಿಪಾಠ ಮಾಡುತ್ತಿದ್ದೆವು.

ನಂಬರು ನೋಡಿದರೆ ಸಾಲದು, ಅದರ ಪಡಿಯಚ್ಚು ತೆಗೆಯಬೇಕು. ಸೀಮೆಎಣ್ಣೆ ಬಟ್ಟೆಯಿಂದ ಗ್ರೀಸು ಒರೆಸುವುದು, ತೆಳು ಕಾಗದ ಇಟ್ಟು ಪೆನ್ಸಿಲನ್ನು ಅಡ್ಡ ಹಿಡಿದು ತಿಕ್ಕುವುದು. ನಂಬರು ಕಾಗದದಲ್ಲಿ ಬೆಳ್ಳಗೆ ಎದ್ದು ಬರುತ್ತದೆ. ಪೆನ್ಸಿಲ್ ಪ್ರಿಂಟ್ ಎನ್ನುತ್ತಿದ್ದೆವು. ಆಯುಧಪೂಜೆ ಮುಗಿದ ವಾರ ಮಾತ್ರ ಈ ಕೆಲಸ ಬೇಡವೇ ಬೇಡ. ಅರಶಿನ, ಕುಂಕುಮ, ತೆಂಗಿನೆಣ್ಣೆ ಎಲ್ಲ ಸೇರಿ ನಂಬರಿನ ತಗ್ಗಿನಲ್ಲಿ ಗಟ್ಟಿಯಾಗಿ ಕೂತಿರುತ್ತಿತ್ತು. ಕೆರೆದು ತೆಗೆಯಲು ಹೋದರೆ ಮಾಲೀಕ, "ಸಾಹೇಬ್ರೆ, ದೇವರ ಕುಂಕುಮ, ಪಿನ್ನಿನಲ್ಲಿ ಕೆರೀಬೇಡಿ" ಎಂದು ಅಡ್ಡ ಬರುತ್ತಿದ್ದ. ಏಜೆಂಟರ ಕಾಟ ಇದಕ್ಕಿಂತ ದೊಡ್ಡದು. ಪೆನ್ಸಿಲ್ ಪ್ರಿಂಟುಗಳನ್ನು ಮನೆಯಲ್ಲೇ ತೆಗೆದು ಕಟ್ಟು ಕಟ್ಟಿ ತರುತ್ತಿದ್ದರು. ಗಾಡಿ ಎಲ್ಲಿ ಎಂದರೆ, "ಗಾಡಿ ಬಾಡಿಗೆಗೆ ಹೋಗಿದೆ, ಪ್ರಿಂಟ್ ಉಂಟಲ್ಲ!" ಎಂದು ಹಲ್ಲು ಕಿಸಿಯುತ್ತಿದ್ದರು.

ನನಗೆ ಈ ವಿದ್ಯೆ ಕಲಿಸಿದವರು ಪ್ರಭುಗಳು ಎಂಬ ಹಿರಿಯ ಇನ್‌ಸ್ಪೆಕ್ಟರು. ಕುಳ್ಳಗಿನ ಆಳು, ಬಾಯಿ ಜೋರು. ಸೇರಿದ ಮೊದಲ ತಿಂಗಳು ನಾನು ಭಟ್ಕಳದ ಕ್ಯಾಂಪಿಗೆ ಹೋಗಿ ಮೂರು ಲಾರಿಗಳ ಇಂಜಿನ್ ನಂಬರು ಬರೆದುಕೊಂಡು ಬಂದೆ. ಮೂರಕ್ಕೂ ಒಂದೇ ನಂಬರು. ನನಗದು ಹೊಳೆಯಲೂ ಇಲ್ಲ. ಪ್ರಭುಗಳು ಕನ್ನಡಕ ಹಣೆಗೇರಿಸಿ ಕೇಳಿದರು, "ಹೋಯ್ ಗಾಂವಕರಾ, ಮೂರು ಲಾರಿಗೂ ಒಂದೇ ಇಂಜಿನ್ನಾ? ಪಾಳಿ ಮೇಲೆ ಹಾಕ್ಕಂಡು ಓಡಿಸ್ತಾರಾ ಹೆಂಗೆ?" ಕಚೇರಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ಬರೆದುಕೊಂಡು ಬಂದದ್ದು ಇಂಜಿನ್ನಿನ ಕಬ್ಬಿಣ ಎರಕ ಹೊಯ್ಯುವಾಗಲೇ ಅಚ್ಚಿನಿಂದ ಬರುವ ನಂಬರು. ಆ ಮಾದರಿಯ ಎಲ್ಲ ಇಂಜಿನ್ನಿಗೂ ಅದು ಒಂದೇ. ಉಬ್ಬಿದ್ದು ಎರಕದ ನಂಬರು, ತಗ್ಗಿದ್ದು ಗಾಡಿಯ ನಂಬರು. ಈ ಒಂದು ವಾಕ್ಯ ನಿಮಗೆ ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ, ಬರೆದಿಟ್ಟುಕೊಳ್ಳಿ.

ಆ ದಿನ ಪ್ರಭುಗಳು ನನ್ನಿಂದ ಕಾರ್ಖಾನೆಗೆ ಒಂದು ಕಾಗದ ಬರೆಸಿದರು. ಕಾರ್ಖಾನೆಯ ರೆಕಾರ್ಡ್ ರೂಮಿನಲ್ಲಿ ಪ್ರತಿ ಚಾಸಿಸ್ಸಿಗೂ ಒಂದು ಚೀಟಿ ಇರುತ್ತಿತ್ತು. ಯಾವ ದಿನ ತಯಾರಾಯಿತು, ಯಾವ ಇಂಜಿನ್ ಕೂರಿಸಿದರು, ಯಾವ ಬಣ್ಣ, ಯಾವ ಊರಿನ ಡೀಲರಿಗೆ ಹೋಯಿತು, ಆಮೇಲೆ ದೊಡ್ಡ ಭಾಗ ಯಾವುದಾದರೂ ಬದಲಿ ಕೊಟ್ಟರೋ, ಎಲ್ಲ ಅದರಲ್ಲಿ ಇರುತ್ತಿತ್ತು. ಎರಡು ತಿಂಗಳಿಗೆ ಉತ್ತರ ಬಂತು, ಮೂರು ಲಾರಿಗಳ ಮೂರು ಅಸಲಿ ನಂಬರು ಸಮೇತ. "ನೋಡು, ಅನುಮಾನ ಬಂತು ಅಂದ್ರೆ ಹೀಂಗೊಂದು ಕಾಗದ ಹಾಕು. ಉತ್ತರ ಬರೂ ತನಕ ಯಾರಿಗೂ ಎಂತದೂ ಅನ್ಬೇಡ" ಎಂದರು ಪ್ರಭುಗಳು. ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ. ಚೆನ್ನಾಗಿ ಗೊತ್ತಿತ್ತು.

ಪ್ರಭುಗಳು ನಿವೃತ್ತರಾದ ಮೇಲೆ ನಮಗೆ ಬಂದ ಮೇಲಧಿಕಾರಿ ಘಟ್ಟದ ಮೇಲಿನವರು. ಹೆಸರು ಬೇಡ. ಗಾಡಿಯ ಬಾನೆಟ್ಟು ಎತ್ತಿ ನೋಡಿದವರಲ್ಲ, ಬೆಳಿಗ್ಗೆ ಬಂದ ಕೂಡಲೇ "ಎಷ್ಟು ಹಿಡಿದ್ರಿ?" ಎಂದು ಕೇಳುವವರು. ಆ ವರ್ಷ ಹೊರರಾಜ್ಯಗಳಿಂದ ಕದ್ದ ಗಾಡಿಗಳು ನಂಬರು ಬದಲಾಗಿ ಕರಾವಳಿಯಲ್ಲಿ ಓಡುತ್ತಿವೆ ಎಂಬ ಗುಲ್ಲಿತ್ತು. ಹಿಡಿಯಿರಿ ಎಂದು ಮೇಲಿನಿಂದ ಒತ್ತಡ ಇತ್ತು. ನನಗೂ ಹಿಡಿಯುವ ಹುಚ್ಚು ಹತ್ತಿತ್ತು, ಸುಳ್ಳು ಯಾಕೆ ಹೇಳಲಿ? ಎರಡು ಕಾರು ಹಿಡಿದು ಪತ್ರಿಕೆಯಲ್ಲಿ ಹೆಸರು ಬಂದಿತ್ತು. ಆ ತುಣುಕು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ.

ಹೊನ್ನಾವರದ ಮೈದಾನದಲ್ಲಿ ತಪಾಸಣೆಯ ದಿನ ಗೋವಿಂದ ಖಾರ್ವಿ ತನ್ನ ಜೀಪು ತಂದ. ಅಲ್ಲೇ ಪಕ್ಕದ ಕಾಸರಕೋಡಿನ ಮೀನುಗಾರರ ಮನೆಯವನು, ಆದರೆ ಸಮುದ್ರಕ್ಕೆ ಹೋದವನಲ್ಲ. ಬೋಟು ನಿಲ್ಲುವ ದಕ್ಕೆಗೆ ಬಂದು ಇಳಿದ ಮೀನಿಗೆ ಐಸು ಹಾಕಿ, ಜೀಪಿನ ಹಿಂದೆ ತುಂಬಿಕೊಂಡು, ಗೇರುಸೊಪ್ಪೆ ಘಟ್ಟ ಹತ್ತಿ ಮೇಲಿನ ಊರುಗಳಿಗೆ ಮುಟ್ಟಿಸುವುದು ಅವನ ಕೆಲಸ. ಆ ಘಟ್ಟದಲ್ಲಿ ಹಳೇ ಜೀಪು ಏರಿಸುವುದಕ್ಕೆ ಅವನನ್ನು ಬಿಟ್ಟರಿಲ್ಲ ಎನ್ನುತ್ತಿದ್ದರು. ಜೀಪಿನ ನೋಂದಣಿ ಅವಧಿ ಮುಗಿಯುತ್ತ ಬಂದಿತ್ತು, ಅದನ್ನು ಮುಂದುವರಿಸಲು ತಂದಿದ್ದ.

ಅಡಿಗೆ ಹೋಗಿ ಮಲಗಿದೆ. ಮುಂದಿನ ಎಡ ಚಕ್ರದ ಹಿಂದೆ, ಚಾಸಿಸ್ಸಿನ ಉದ್ದ ಪಟ್ಟಿಯ ಮೇಲೆ ನಂಬರಿತ್ತು. ಯಂತ್ರದಲ್ಲಿ ಒತ್ತಿದ್ದು, ಅಂಕಿ ಒಂದೂ ಅಲುಗಿಲ್ಲ, ಕಡತದ ನಂಬರಿಗೂ ಸರಿಯಾಗಿ ತಾಳೆ. ಆದರೆ ನಂಬರಿರುವ ಅಂಗೈಯಗಲದ ತುಂಡಿನ ನಾಲ್ಕೂ ಬದಿಗೆ ಬೆಸುಗೆ. ಆ ತುಂಡು ಹಳೆಯದು, ತುಕ್ಕು ತಿಂದು ಮೊಡವೆ ಬಿದ್ದ ಕಬ್ಬಿಣ. ಸುತ್ತಲಿನ ಚಾಸಿಸ್ ಹೊಸತು. ಕದ್ದ ಗಾಡಿಯ ನಂಬರು ಕತ್ತರಿಸಿ ಎಸೆದು, ಗುಜರಿಯಾದ ಗಾಡಿಯ ನಂಬರಿನ ತುಂಡು ತಂದು ಬೆಸೆಯುವುದು ಕಳ್ಳರು ಮಾಡುವ ಕೆಲಸ. ನನ್ನ ಮೈ ಜುಮ್ಮೆಂದಿತು.

ಎದ್ದು ಬಂದವನೇ ಮೈದಾನಕ್ಕೆಲ್ಲ ಕೇಳುವಂತೆ ಕೂಗಿದೆ. "ಎಲ್ಲಿಂದ ಕದ್ದದ್ದೋ ಇದು?"

ಗೋವಿಂದ ಬೆಪ್ಪಾದ. "ಸಾಹೇಬ್ರೆ, ಎಂತ ಮಾತು ಹೇಳ್ತ್ರಿ? ಮೀನಿನ ಉಪ್ಪುನೀರು ಬಿದ್ದು ಬಿದ್ದು ಹಳೇ ಚಾಸಿಸ್ ತೂತಾಗಿತ್ತು. ಹುಬ್ಬಳ್ಳಿ ಡೀಲರ್ ಕೈಲಿ ಹೊಸಾ ಚಾಸಿಸ್ ತರಿಸಿ ಹಾಕ್ಸಿದ್ದು. ನಂಬರ್ ಹೊಡಿಸೂಕೆ ನಿಮ್ಮ ಆಫೀಸಿಗೇ ಅರ್ಜಿ ಕೊಟ್ಟಿದ್ದೆ. ಬಿಲ್ಲೂ ಅದರ ಒಟ್ಟಿಗೇ ಕೊಟ್ಟಿದ್ದೆ."

ಅವನು ಹೇಳಿದ್ದು ನಿಯಮ ಇದ್ದ ಹಾಗೇ ಇತ್ತು. ಕಾರ್ಖಾನೆಯಿಂದ ಬದಲಿಯಾಗಿ ಬರುವ ಚಾಸಿಸ್ಸಿನ ಮೇಲೆ ನಂಬರು ಇರುವುದಿಲ್ಲ, ಬೋಳಾಗಿ ಬರುತ್ತದೆ. ಕಚೇರಿಯ ಅನುಮತಿ ಪಡೆದು ಹಳೆಯ ನಂಬರನ್ನೇ ಅದರ ಮೇಲೆ ಹೊಡೆಸಬೇಕು. ಕಚೇರಿಗೆ ಹೋಗಿ ಅರ್ಜಿ ಬಂದಿದೆಯೋ ಎಂದು ಆವಕ ಪುಸ್ತಕ ತೆಗೆದು ನೋಡಬೇಕಿತ್ತು, ಅಷ್ಟೇ. ನಾನು ನೋಡಲಿಲ್ಲ. ಜನ ಸೇರಿದ್ದರು, ಎಲ್ಲರ ಕಣ್ಣು ನನ್ನ ಮೇಲಿತ್ತು. "ಯಾವ ಅರ್ಜಿ? ನನ್ನೆದುರು ಕತೆ ಕಟ್ತೀಯಾ ಕಳ್ಳ ನನ್ಮಗನೆ!" ಎಂದೆ. ಈ ಮಾತನ್ನು ನಾನೇ ಆಡಿದೆ.

ಸಂಜೆ ಮೇಲಧಿಕಾರಿಯ ಎದುರು ನಿಂತಾಗ ಸ್ವಲ್ಪ ತಲೆ ತಣ್ಣಗಾಗಿತ್ತು. "ಸಾರ್, ಕಾರ್ಖಾನೆಗೆ ಒಂದು ಕಾಗದ ಬರೆದು ಕೇಳಿ ನೋಡುವನಾ?" ಎಂದೆ.

"ಏನ್ರೀ ಗಾಂವಕರ್, ಕಣ್ಮುಂದೆ ವೆಲ್ಡಿಂಗ್ ಇದೆ, ಇನ್ನೇನ್ ಪ್ರೇಮಪತ್ರ ಬರೀತೀರಾ? ರಿಪೋರ್ಟ್ ಹಾಕ್ರೀ, ಪೊಲೀಸ್ರಿಗೆ ಒಪ್ಸಿ" ಎಂದರು. ಅವರೇನೋ ಅಂದರು. ನನ್ನ ಮೇಜಿನ ಮೇಲೆ ಪೆನ್ನಿತ್ತು, ಕಾಗದ ಇತ್ತು. ಅವರನ್ನು ಕೇಳದೆಯೂ ಬರೆಯಬಹುದಿತ್ತು.

ಗೋವಿಂದನನ್ನು ಎರಡು ದಿನ ಠಾಣೆಯಲ್ಲಿ ಕೂರಿಸಿದರು. ಜೀಪು ಠಾಣೆಯ ಅಂಗಳ ಸೇರಿತು. ಕೇಸು ವರ್ಷಗಟ್ಟಲೆ ಎಳೆಯಿತು. ಸಾಕ್ಷಿ ಕಟ್ಟೆಯಲ್ಲಿ ಅವನ ವಕೀಲರು ನನ್ನನ್ನು ಕೇಳಿದರು, "ಕಾರ್ಖಾನೆಗೆ ಬರೆದು ವಿಚಾರಿಸಿದ್ದೀರಾ?" ನಾನು ಎದೆಯುಬ್ಬಿಸಿ, "ಅಗತ್ಯ ಕಂಡುಬರಲಿಲ್ಲ" ಎಂದೆ. ಕೊನೆಗೆ ಸಾಕ್ಷ್ಯ ಸಾಲದು ಎಂದು ಅವನನ್ನು ಬಿಟ್ಟರು. ಕದ್ದಿಲ್ಲ ಎಂದು ಬಿಡಲಿಲ್ಲ, ಸಾಕ್ಷ್ಯ ಸಾಲದು ಎಂದು ಬಿಟ್ಟರು. ಇವೆರಡಕ್ಕೂ ಇರುವ ವ್ಯತ್ಯಾಸ ದಕ್ಕೆಯ ಜನಕ್ಕೆ ಚೆನ್ನಾಗಿ ಗೊತ್ತು. ಅಷ್ಟರೊಳಗೆ ಜೀಪು ಹಾಳಾಗುತ್ತಿದೆಯೆಂದು ಹರಾಜೂ ಆಗಿಹೋಗಿತ್ತು.

ಗೋವಿಂದ ಬಾಡಿಗೆ ಚಾಲಕನಾಗಿ ದುಡಿಯಲು ನೋಡಿದ. ದಕ್ಕೆಯಲ್ಲಿ ಟೆಂಪೋ ಇದ್ದವರೆಲ್ಲ ಒಂದೊಂದು ನೆವ ಹೇಳಿದರು. ಒಬ್ಬ ಮಗ ಓಡಿಸುತ್ತಾನೆ ಎಂದ, ಇನ್ನೊಬ್ಬ ಮುಂದಿನ ತಿಂಗಳು ನೋಡುವ ಎಂದ. ಗಾಡಿ ಕಳ್ಳ ಎನಿಸಿಕೊಂಡವನ ಕೈಗೆ ಗಾಡಿಯ ಚಾವಿ ಕೊಡುವವರು ಯಾರು? ಘಟ್ಟ ಏರಿಸುತ್ತಿದ್ದ ಮನುಷ್ಯ ಮಂದಿಯ ಬಲೆ ಹೆಣೆಯಲು ಕೂತ. ಇದನ್ನೆಲ್ಲ ನಾನು ಆಗಲೇ ಕೇಳಿದ್ದೆ. ಕೇಳಿ ಏನನ್ನಿಸಿತ್ತು ಗೊತ್ತೇ? ಕಳ್ಳನಿಗೆ ಹೀಗೇ ಆಗಬೇಕು ಅನ್ನಿಸಿತ್ತು. ಥೂ.

ಆಮೇಲೆ ಕಚೇರಿಗೆ ಕಂಪ್ಯೂಟರು ಬಂತು. ಹಳೆಯ ರಿಜಿಸ್ಟರುಗಳನ್ನೆಲ್ಲ ಅದರೊಳಗೆ ತುಂಬಲು ಗುತ್ತಿಗೆಯವರು ಬಂದರು. ಹದಿನೇಳು ಜಾಗ ತುಂಬದಿದ್ದರೆ ಆ ಯಂತ್ರ ನಂಬರನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಆ ಪುಣ್ಯಾತ್ಮರು ಹಳೇ ಗಾಡಿಗಳ ಗಿಡ್ಡ ನಂಬರಿನ ಎದುರು ಸೊನ್ನೆಗಳನ್ನು ಸಾಲಾಗಿ ಹೊಡೆದು ಜಾಗ ತುಂಬಿಸಿಬಿಟ್ಟರು. "ಇದು ನಂಬರಲ್ಲ ಮಾರಾಯ್ರೆ, ಮೊಟ್ಟೆಯ ಸಾಲು" ಎಂದು ನಾನು ಜಗಳ ಮಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಜಾಲಿಯಿಂದ ಮಿರ್ಜಾನದವರೆಗೆ ಹಳೇ ಗಾಡಿ ಇದ್ದವರು ಕಾಗದದ ನಂಬರು ಬೇರೆ, ಕಬ್ಬಿಣದ ನಂಬರು ಬೇರೆ ಎಂದು ಕಚೇರಿಗೆ ಅಲೆಯುತ್ತಿದ್ದಾರೆ. ತಪ್ಪು ಮಾಡಿದ್ದು ಕಚೇರಿ, ಚಪ್ಪಲಿ ಸವೆಸುವುದು ಮಾಲೀಕ.

ನಿವೃತ್ತನಾದ ಮೇಲೆ ನನಗೆ ಹೊಸ ಗಿರಾಕಿಗಳು ಹುಟ್ಟಿಕೊಂಡರು. ಹಳೆಯ ಗಾಡಿ ಇಟ್ಟುಕೊಳ್ಳುವ ಶೋಕಿಯವರು. ನಂಬರು ಓದಿ ಯಾವ ವರ್ಷದ್ದು, ಅಸಲಿ ಹೌದೋ ಎಂದು ಹೇಳಲು ಕರೆಯುತ್ತಾರೆ. ಹಾಗೆ ಕರೆದವರಲ್ಲಿ ಕುಮಟೆಯ ಆಚೆ ಸಮುದ್ರದ ಬದಿ ರೆಸಾರ್ಟ್ ನಡೆಸುವ ಒಬ್ಬ ಶ್ರೀಮಂತರಿದ್ದರು. ಹಳೇ ಗಾಡಿಗಳಿಗೆಂದೇ ಒಂದು ಗಾಜಿನ ಹಾಲ್ ಕಟ್ಟಿಸಿದ್ದರು. ನಡುವೆ ಒಂದು ಜೀಪು ನಿಂತಿತ್ತು. ಮಿಲಿಟರಿ ಹಸಿರು ಬಣ್ಣ, ಮಿರಿಮಿರಿ ಪಾಲಿಶ್, ಮುಂದೆ 'ಯುದ್ಧ ಕಂಡ ಜೀಪು' ಎಂದು ಫಲಕ. ಐವತ್ತು ವರ್ಷ ದಾಟಿದ ಗಾಡಿಗಳಿಗೆ ಸರಕಾರ ಕೊಡುವ ವಿಶೇಷ ನಂಬರೂ ಅದಕ್ಕೆ ಆಗಲೇ ಸಿಕ್ಕಿತ್ತು. "ಎಲ್ಲ ಅಸಲಿ, ಕಾರ್ಖಾನೆಯಿಂದ ಬಂದ ಹಾಗೇ ಉಂಟು ಅಂತ ನಿಮ್ಮದೊಂದು ಸರ್ಟಿಫಿಕೇಟ್ ಬೇಕು ಸರ್" ಎಂದರು ಅವರು.

ಟವೆಲ್ ಹಾಸಿ ಅಡಿಗೆ ಮಲಗಿದೆ. "ಅಯ್ಯೋ, ಫೋಟೋ ಕಳಿಸ್ತಿದ್ದೆ ಅಲ್ದಾ!" ಎಂದು ಅವರು ಮೇಲಿನಿಂದ ಹೇಳುತ್ತಿದ್ದರು. ಎಡ ಚಕ್ರದ ಹಿಂದೆ ಬ್ಯಾಟರಿ ಬೆಳಕು ಬಿಟ್ಟೆ. ಅಂಗೈಯಗಲದ ತುಂಡು. ನಾಲ್ಕೂ ಬದಿಗೆ ಬೆಸುಗೆ. ನಂಬರು ಓದುವ ಅಗತ್ಯವೇ ಇರಲಿಲ್ಲ, ಕೋರ್ಟಿನಲ್ಲಿ ಅಷ್ಟು ಸಲ ಹೇಳಿದ್ದು ಬಾಯಿಪಾಠ ಇತ್ತು. ಗೋವಿಂದನ ಜೀಪು.

ಮೈಯೆಲ್ಲ ಉರಿಯಿತು. ಅದೇ ನಂಬರು, ಅದೇ ಬೆಸುಗೆ. ಮೀನು ಹೇರುವವನ ಕೈಯಲ್ಲಿದ್ದಾಗ ಅದು ಕಳ್ಳಮಾಲು, ಅವನಿಗೆ ಠಾಣೆ. ಈಗ ಅದೇ ಬೆಸುಗೆಗೆ ವಿಶೇಷ ನಂಬರು, ಗಾಜಿನ ಹಾಲ್. ಅದನ್ನು ಪಾಸು ಮಾಡಿದವನು ಅಡಿಗೆ ಬಗ್ಗಿಯಾದರೂ ನೋಡಿದ್ದನೇ? ಮಾಲೀಕರು ಕಳಿಸಿದ ಫೋಟೋದಲ್ಲಿ ಅಂಕಿಗಳು ಚೆನ್ನಾಗಿ ಕಂಡಿರಬೇಕು, ಬೆಸುಗೆ ಫೋಟೋದ ಹೊರಗೆ ಉಳಿದಿರಬೇಕು. ಬಟ್ಟೆ ಕೊಡವಿಕೊಂಡು ಎದ್ದು, "ಕಾರ್ಖಾನೆಗೆ ಬರೆದು ಕೇಳದೆ ನಾನು ಏನೂ ಕೊಡೂದಿಲ್ಲ" ಎಂದೆ. ಅವರಿಗೆ ಖುಷಿಯೇ ಆಯಿತು, ಕಾರ್ಖಾನೆಯ ಕಾಗದವೂ ಗೋಡೆಗೆ ಹಾಕಲು ಸಿಗುತ್ತದೆಂದು.

ಬರೆದೆ. ಅಷ್ಟು ವರ್ಷ ಬರೆಯದ್ದನ್ನು ಒಂದೇ ಪುಟದಲ್ಲಿ ಬರೆದೆ. ಎರಡು ತಿಂಗಳ ಮೇಲೆ ರೆ‌ಕಾರ್ಡ್ ರೂಮಿನ ಒಬ್ಬ ಹೆಣ್ಣುಮಗಳು ಹಳೇ ಚೀಟಿಗಳ ನಕಲು ಕಳಿಸಿದಳು. ಮೊದಲನೆಯ ಚೀಟಿಯಲ್ಲಿ ಜೀಪು ತಯಾರಾದ ದಿನ, ಬೂದು ಬಣ್ಣ, ಹೋದದ್ದು ಒಂದು ಸರಕಾರಿ ಇಲಾಖೆಗೆ. ಯುದ್ಧವೂ ಇಲ್ಲ, ಮಣ್ಣೂ ಇಲ್ಲ. ಎರಡನೆಯದರಲ್ಲಿ ಹೀಗಿತ್ತು: ಈ ನಂಬರಿನ ಜೀಪಿಗೆ ನಂಬರಿಲ್ಲದ ಬದಲಿ ಚಾಸಿಸ್ ಒಂದು, ಹುಬ್ಬಳ್ಳಿಯ ಡೀಲರ್ ಮೂಲಕ. ಗಿರಾಕಿ, ಗೋವಿಂದ ಖಾರ್ವಿ, ಕಾಸರಕೋಡ. ನಾನು ಮೈದಾನದಲ್ಲಿ ಕೂಗಿದ ದಿನಕ್ಕಿಂತ ಎಷ್ಟೋ ಮೊದಲಿನ ತಾರೀಕು. ಅವನು ಹೇಳಿದ ಒಂದೊಂದು ಮಾತೂ ನಿಜ. ನನ್ನ ಹೆಂಡತಿ ಊಟಕ್ಕೆ ಕರೆದಳು, ಹೋಗಲಿಲ್ಲ.

ಒಂದು ಮಾತ್ರ ಬಗೆಹರಿಯಲಿಲ್ಲ. ಹೊಸ ಚಾಸಿಸ್ಸಿಗೆ ಹಳೇ ತುಂಡು ಬೆಸೆದದ್ದು ಯಾಕೆ? ಗೋವಿಂದನ ಹೇಳಿಕೆಯಲ್ಲಿ ಕೆಲಸ ಮಾಡಿದವನ ಹೆಸರಿತ್ತು, ಭಟ್ಕಳದ ಹತ್ತಿರ ಜಾಲಿಯ ಇಸ್ಮಾಯಿಲ್ ಮೇಸ್ತ್ರಿ. ಆಗ ಅವನನ್ನು ಯಾರೂ ಕರೆದು ಕೇಳಿರಲಿಲ್ಲ. ಈಗ ಹುಡುಕಿಕೊಂಡು ಹೋದೆ. ಮುದುಕನಾಗಿದ್ದ, ವೆಲ್ಡಿಂಗ್ ಬೆಳಕಿಗೆ ಕಣ್ಣು ಮಂಜಾಗಿತ್ತು, ಮಾತಿಗೆ ಮಂಜು ಹಿಡಿದಿರಲಿಲ್ಲ.

"ನಿಮ್ಮ ಆಫೀಸಿಂದ ಪರ್ಮಿಶನ್ನೇ ಬರಲಿಲ್ಲ ಸಾಬ್. ಮಳೆಗಾಲ ಮುಗೀತು, ಬೋಟ್ ಇಳೀತು, ಗೋವಿಂದ ಎಷ್ಟು ದಿನ ಗಾಡಿ ನಿಲ್ಲಿಸ್ತಾನೆ? ಪಂಚ್ ತಕೊಂಡು ಕೈಯಲ್ಲಿ ನಂಬರ್ ಹೊಡೆದ್ರೆ ಖೋಟಾ ಹಾಗೆ ಕಾಣ್ತದೆ. ಅದಕ್ಕೆ ನಾನೇ ಹೇಳಿದೆ, ಕಂಪನಿ ಹೊಡೆದ ಅಸಲಿ ತುಂಡೇ ಇಡುವ, ಯಾರೂ ಅನುಮಾನ ಪಡೂದಿಲ್ಲ ಅಂತ." ಮತ್ತೆ ಹೇಳಿದ, "ಸಾಬ್, ನೀವು ದೊಡ್ಡ ಇನ್‌ಸ್ಪೆಕ್ಟರ್. ಚೋರ್ ಆದವ ವೆಲ್ಡಿಂಗ್ ಗೀಸಿ, ಪುಟ್ಟಿ ಹಚ್ಚಿ, ಬಣ್ಣ ಬಳೀತಾನೆ. ನಾನು ನಾಲ್ಕೂ ಬದಿ ಕಾಣೂ ಹಾಗೆ ಬಿಟ್ಟಿದ್ದೆ. ನಿಮಗದು ಕಾಣಲಿಲ್ವಾ?"

ಕಂಡಿತ್ತು. ಅದನ್ನೇ ಕಂಡು ನಾನು ಕೂಗಿದ್ದು. ಅಡಗಿಸಲು ನೋಡದ ಬೆಸುಗೆ ಕಳ್ಳನದಲ್ಲ ಎಂಬಷ್ಟು ಬುದ್ಧಿ ಆ ದಿನ ನನಗಿರಲಿಲ್ಲ. ಪ್ರಾಮಾಣಿಕತೆಗೆಂದು ಮಾಡಿದ ಕೆಲಸವೇ ಅವರಿಗೆ ಮುಳುವಾಯಿತು. ಅಂಥ ಉಪಾಯ ನಮ್ಮ ಕರಾವಳಿಯ ಮೇಸ್ತ್ರಿಗೇ ಹೊಳೆಯಬೇಕು, ಉಪ್ಪಿಗೆ ತೂತಾದ ಚಾಸಿಸ್ಸು ದಿನಾ ನೋಡುವವನು ಅವನು. ಘಟ್ಟದ ಮೇಲಿನ ಸಾಹೇಬರಿಗೆ ಇದು ಗೊತ್ತಿರಲಿಕ್ಕಿಲ್ಲ. ಇಲ್ಲೇ ಹುಟ್ಟಿ ಬೆಳೆದ ನನಗೆ ಎಂತ ಧಾಡಿಯಾಗಿತ್ತು?

ರೆಸಾರ್ಟಿನವರಿಗೆ ಎರಡೂ ಚೀಟಿ ತೋರಿಸಿದೆ. ಅವರ ಮುಖ ಸಪ್ಪಗಾಯಿತು. "ಎರಡನೇದು ಬಂದೇ ಇಲ್ಲ ಅಂದ್ಕಳಿ ಸರ್. ಮೊದಲನೇದರ ಮೇಲೆ ಸರ್ಟಿಫಿಕೇಟ್ ಕೊಟ್ರೆ ಆತು. ಯಾರಿಗೆ ನಷ್ಟ?" ಎಂದರು. ಯಾರಿಗೆ ನಷ್ಟ ಎಂದು ಕೇಳಿದ್ದಕ್ಕೆ ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಸರ್ಟಿಫಿಕೇಟ್ ಕೊಡಲಿಲ್ಲ. ಬದಲಿಗೆ ನಡೆದದ್ದನ್ನೆಲ್ಲ ಒಂದು ವರದಿ ಮಾಡಿ, ನನ್ನ ತಪ್ಪು ಇದು ಎಂದು ಕೆಳಗೆ ಸಹಿ ಹಾಕಿ, ಅವರಿಗೊಂದು, ಕಚೇರಿಗೊಂದು ಪ್ರತಿ ಕೊಟ್ಟೆ. ಕಚೇರಿಯಲ್ಲಿ ಪ್ರತಿಯನ್ನು ತಿರುಗಿಸಿ ನೋಡಿ, "ಮುಗಿದುಹೋದ ಫೈಲು ಸರ್, ನೀವು ಆರಾಮ ಇರಿ" ಎಂದರು. ಗೋವಿಂದನ ಅರ್ಜಿ ಎಲ್ಲಿ ಹೋಯಿತು ಎಂದು ಕೇಳಿದರೆ, ಹಳೇ ಕಾಗದವೆಲ್ಲ ಗೆದ್ದಲು ತಿಂದಿದೆಯಂತೆ.

ವರದಿಯ ಮೂರನೆಯ ಪ್ರತಿಯನ್ನೂ ಕಾರ್ಖಾನೆಯ ಕಾಗದವನ್ನೂ ಹಿಡಿದು ಕಾಸರಕೋಡಿಗೆ ಹೋದೆ. ಗೋವಿಂದ ಮನೆಯ ಮುಂದಿನ ನೆರಳಲ್ಲಿ ಬಲೆ ಹೆಣೆಯುತ್ತಿದ್ದ. ತಲೆ ಪೂರ್ತಿ ನೆರೆತಿತ್ತು. ನನ್ನ ಗುರುತು ಹಿಡಿದ, ಏಳಲಿಲ್ಲ. ಕಾರ್ಖಾನೆಯ ಕಾಗದ ಓದಿ ಹೇಳಿದೆ. ಇಸ್ಮಾಯಿಲ್ ಹೇಳಿದ್ದನ್ನೂ ಹೇಳಿದೆ. ತಪ್ಪಾಯಿತು ಎಂದೆ. ಕಾಗದವನ್ನು ಅವನ ಮುಂದೆ ಇಟ್ಟೆ.

ಅವನು ಅದನ್ನು ಮುಟ್ಟಲಿಲ್ಲ. "ಇದು ನಂಗೆಂತಕೆ ಸಾಹೇಬ್ರೆ? ನೀವು ನನ್ನ ಕಳ್ಳ ಅಂದದ್ದು ಕಾಗದದಾಗಲ್ಲ. ಮೈದಾನದಾಗೆ ಅಂದ್ರಿ, ಎಲ್ಲರೂ ಕೇಳೂ ಹಂಗೆ ಅಂದ್ರಿ. ಈಗ ಮನೆ ಅಂಗಳಕ್ಕೆ ಬಂದು ನನ್ನ ಕಿವಿಗೆ ಮಾತ್ರ ಹೇಳ್ತ್ರಿ. ನಾ ಕದ್ದಿಲ್ಲ ಅಂತ ನಂಗೆ ಗೊತ್ತಿಲ್ವಾ?"

"ಮತ್ತೆಂತ ಮಾಡ್ಲಿ ಗೋವಿಂದ?"

"ನಾಳೆ ಬೆಳಿಗ್ಗೆ ದಕ್ಕೆಗೆ ಬನ್ನಿ. ಬೋಟ್ ಬಂದಿರ್ತದೆ, ಜನ ಇರ್ತಾರೆ. ಅಲ್ಲಿ ಹೇಳಿ."

ಹೋದೆ. ಬೋಟುಗಳು ಬಂದು ಬುಟ್ಟಿಗಳು ಇಳಿಯುತ್ತಿದ್ದವು, ಹೆಂಗಸರು ಮೀನು ವಿಂಗಡಿಸುತ್ತಿದ್ದರು, ಟೆಂಪೋಗಳು ಹಿಂದು ಮಾಡಿಕೊಂಡು ನಿಂತಿದ್ದವು. ಗೋವಿಂದ ನನ್ನ ಹಿಂದೆ ನಿಂತ. ಮೂವತ್ತು ವರ್ಷ ಗಾಡಿಯವರ ಮೇಲೆ ಕೂಗಿದ ಗಂಟಲು ನನ್ನದು. ಅದರಲ್ಲೇ ಕೂಗಿದೆ. "ನಾನು ಗಾಂವಕರ್, ಮೊದಲು ಇಲ್ಲಿ ಗಾಡಿ ಇನ್‌ಸ್ಪೆಕ್ಟರ್ ಇದ್ದವ. ಗೋವಿಂದ ಖಾರ್ವಿಯನ್ನ ಜೀಪು ಕಳ್ಳ ಅಂತ ಹೇಳಿ ಠಾಣೆಗೆ ಕಳಿಸಿದವ ನಾನೇ. ಅವ ಕದ್ದಿಲ್ಲ. ಜೀಪೂ ಅವನದ್ದು, ನಂಬರೂ ಅವನದ್ದು. ಕಾರ್ಖಾನೆಯ ಕಾಗದ ಉಂಟು ನನ್ನ ಕೈಯಲ್ಲಿ. ನೋಡದೆ ಕೇಳದೆ ಹೇಳಿದ್ದು ನಾನು. ತಪ್ಪು ನಂದು."

ಬಂಗಡೆ ರಾಶಿಯ ಮುಂದೆ ಕೂತಿದ್ದ ಹೆಂಗಸೊಬ್ಬಳು ಸೊಂಟಕ್ಕೆ ಕೈಕೊಟ್ಟು ಎದ್ದಳು. "ಇಷ್ಟು ಹೇಳೂಕೆ ಇಲ್ಲೀ ತನಕ ಬಂದ್ರಾ ಸಾಹೇಬ್ರೆ? ಗೋವಿಂದ ಕದಿಯೂ ಪೈಕಿ ಅಲ್ಲ ಅಂತ ನಮಗೆಲ್ಲ ಅವತ್ತೇ ಗೊತ್ತಿತ್ತು. ಗೊತ್ತಿಲ್ಲದವ ನೀವೊಬ್ರೇ."

"ಹೌದೌದು" ಎಂದರು ನಾಲ್ಕಾರು ಜನ. ಟೆಂಪೋಕ್ಕೆ ಒರಗಿ ನಿಂತಿದ್ದ ಅದರ ಮಾಲೀಕ, "ನಮ್ಮ ಗೋವಿಂದನ ವಿಷಯ ನಮಗೆ ಗೊತ್ತಿರೂದಿಲ್ವಾ ಸಾಹೇಬ್ರೆ?" ಎಂದು ನಕ್ಕ.

ಗೋವಿಂದ ನನ್ನನ್ನು ಬದಿಗೆ ಸರಿಸಿ ಮುಂದೆ ಬಂದ. ಅಷ್ಟು ಹೊತ್ತು ಅವನು ನೋಡುತ್ತಿದ್ದದ್ದು ನನ್ನನ್ನು, ಈಗ ಅವರನ್ನು ನೋಡಿದ.

"ಗೊತ್ತಿತ್ತಾ?" ಎಂದ. "ಎಲ್ಲರಿಗೂ ಗೊತ್ತಿತ್ತಾ? ಹಂಗಾದ್ರೆ ಇಷ್ಟು ವರ್ಷ ಒಬ್ಬರಾದ್ರೂ ನನ್ನ ಕೈಗೆ ಒಂದು ಚಾವಿ ಕೊಟ್ರಾ?"

ಟೆಂಪೋ ಮಾಲೀಕ ಬೆರಳಲ್ಲಿ ತಿರುಗಿಸುತ್ತಿದ್ದ ಚಾವಿಯನ್ನು ಮೆಲ್ಲಗೆ ಕಿಸೆಗೆ ಹಾಕಿಕೊಂಡ.